ಅಗ್ನಿಶಿಖೆ: ನಾಮ, ರೂಪ, ಯೋಗ

ಭಾದ್ರಪದ ಮಾಸದಲ್ಲಿ ಮಳೆಯ ರಭಸ ತಗ್ಗಿ, ಮೋಡದ ಮರೆಯಿಂದ ಎಳೆಬಿಸಿಲು ಇಣುಕುವ ದಿನಗಳಲ್ಲಿ, ಮಲೆನಾಡಿನ ಬೇಲಿಗಳ ಮೇಲೂ ಬಯಲುಸೀಮೆಯ ಕುರುಚಲು ಕಾಡಿನ ಅಂಚಿನಲ್ಲಿಯೂ ಒಂದು ಬಳ್ಳಿ ಹೂವಿಗೆ ಬರುತ್ತದೆ. ಮೊಗ್ಗಿನಲ್ಲಿ ಅದು ಹಸುರು, ಬಿರಿದಾಗ ಹಳದಿ, ದಿನ ಕಳೆದಂತೆ ಕಿತ್ತಳೆ, ಕಡೆಗೆ ಕಡುಗೆಂಪು. ಹೂವು ತಲೆ ತಗ್ಗಿಸಿ ತೂಗುತ್ತಿದ್ದರೂ ಅದರ ಆರು ಎಸಳುಗಳು ಹಿಮ್ಮುಖವಾಗಿ ಮಡಿದು, ಅಲೆಯಲೆಯಾದ ಅಂಚಿನೊಡನೆ ಮೇಲಕ್ಕೆ ಚಾಚಿ ನಿಲ್ಲುತ್ತವೆ. ಗಾಳಿಗೆ ಅವು ಅಲುಗುವಾಗ ಯಾರೋ ಬೇಲಿಯ ಉದ್ದಕ್ಕೂ ಪುಟ್ಟ ಪುಟ್ಟ ಪಂಜುಗಳನ್ನು ಹಚ್ಚಿಟ್ಟಿರುವರೋ ಎಂಬ ಭ್ರಮೆಯುಂಟಾಗುವುದು ಸಹಜ. ಇದೇ ಅಗ್ನಿಶಿಖೆ. ಗೌರಿಹಬ್ಬದ ಹೊತ್ತಿಗೆ ಅರಳಿ ಪೂಜೆಗೊದಗುವುದರಿಂದ ಮಲೆನಾಡಿನವರಿಗೆ ಇದು ಗೌರಿಹೂವು. ಶಿವಶಕ್ತಿ ಎಂಬ ಹೆಸರೂ ಕೆಲವೆಡೆ ಉಂಟು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಲಾಂಗಲೀ, ಕಲಿಹಾರೀ ಎಂದು ಪ್ರಸಿದ್ಧ. ತಮಿಳರು ಇದನ್ನು ಕಾಂದಳ್ ಎಂದು ಕರೆದು, ಸಂಘಂ ಕಾಲದ ಕಾವ್ಯಗಳಲ್ಲಿ ಮುರುಗನ ಬೆಟ್ಟದ ಹೂವೆಂದು ಕೊಂಡಾಡಿದ್ದಾರೆ. ಇಂದು ಅದು ತಮಿಳುನಾಡಿನ ರಾಜ್ಯಪುಷ್ಪ. ಕಡಲಾಚೆಯ ಜಿಂಬಾಬ್ವೆಗೆ ಇದೇ ರಾಷ್ಟ್ರಪುಷ್ಪ. ಸಸ್ಯಶಾಸ್ತ್ರಜ್ಞನಾದ ಲಿನೇಯಸ್ 1753ರಲ್ಲಿ ಇದಕ್ಕಿತ್ತ ಗ್ಲೋರಿಯೋಸಾ ಸುಪರ್ಬಾ ಎಂಬ ಹೆಸರಿನ ಎರಡು ಪದಗಳೂ ಲ್ಯಾಟಿನ್ ಭಾಷೆಯಲ್ಲಿ ವೈಭವವನ್ನೇ ಸಾರುತ್ತವೆ.

ಇಷ್ಟು ಚೆಲುವಾದ ಈ ಬಳ್ಳಿ ಬೇರಿನಿಂದ ಬೀಜದವರೆಗೆ ವಿಷಮಯ. ವಿಷಮಯವಾಗಿದ್ದೂ ಶತಮಾನಗಳಿಂದ ಔಷಧ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿರಿಸಿಕೊಳ್ಳುವ ಸಾಮರ್ಥ್ಯ ಹಿಂದಿನ ತಲೆಮಾರುಗಳಿಗೆ ಇದ್ದಿತು. ಇಂದು ಅದು ಕುಂದುತ್ತಿದೆ. ಒಂದು ಕಡೆ, ಹಸುರಾಗಿರುವುದೆಲ್ಲ ನಿರಪಾಯ, ಗಿಡಮೂಲಿಕೆಯಿಂದ ಗುಣವಾಗದಿದ್ದರೂ ಕೆಡುಕಂತೂ ಆಗದು ಎಂಬ ನಂಬಿಕೆ ಬೆಳೆಯುತ್ತಿದೆ. ಮತ್ತೊಂದು ಕಡೆ, ಹಳೆಯ ಮದ್ದೆಲ್ಲ ಮೌಢ್ಯ, ಅದನ್ನು ಅರಿಯುವುದೇ ವ್ಯರ್ಥ ಎಂಬ ತಾತ್ಸಾರವೂ ಅಷ್ಟೇ ಬಲವಾಗಿದೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಈ ಎರಡು ಭಾವನೆಗಳಿಗೂ ಮೂಲ ಒಂದೇ: ಬಳ್ಳಿಯ ಪರಿಚಯವಿಲ್ಲದಿರುವುದು. ಆ ಪರಿಚಯವನ್ನು ಮರಳಿ ಕೊಡಬಲ್ಲ ಸ್ಥಳ ಶಾಲೆಯೇ ಹೊರತು ಬೇರೊಂದಿಲ್ಲ.

ಚರಕಸಂಹಿತೆಯ ಮೊತ್ತಮೊದಲ ಅಧ್ಯಾಯದಲ್ಲಿಯೇ ಈ ವಿಷಯವಾಗಿ ಒಂದು ಮನನೀಯ ವಿಚಾರವಿದೆ. ಕಾಡಿನಲ್ಲಿ ಅಲೆಯುವ ಕುರಿಗಾಹಿಗಳೂ ಗೋಪಾಲಕರೂ ವನವಾಸಿಗಳೂ ಓಷಧಿಗಳ ಹೆಸರನ್ನೂ ರೂಪವನ್ನೂ ಬಲ್ಲರೆಂದು ಆಚಾರ್ಯನು ಒಪ್ಪುತ್ತಾನೆ. ಆದರೆ ನಾಮರೂಪಗಳನ್ನು ಅರಿತ ಮಾತ್ರಕ್ಕೆ ಓಷಧಿಯ ಮರ್ಮ ತಿಳಿದಂತಾಗದು. ಅದರ ಯೋಗವನ್ನು, ಎಂದರೆ ಯಾರಿಗೆ, ಯಾವಾಗ, ಎಷ್ಟು, ಹೇಗೆ ಎಂಬುದನ್ನು ಅರಿತವನೇ ನಿಜವಾದ ತಜ್ಞ ಎಂದು ಅವನ ಅಭಿಪ್ರಾಯ. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಉತ್ತಮ ಔಷಧವಾಗುತ್ತದೆ, ಯುಕ್ತಿ ತಪ್ಪಿದರೆ ಔಷಧವೂ ವಿಷವಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ನಾಮ, ರೂಪ, ಯೋಗ ಎಂಬ ಈ ಮೂರು ಮೆಟ್ಟಿಲುಗಳಲ್ಲಿಯೇ ಅಗ್ನಿಶಿಖೆಯನ್ನು ಪರಿಶೀಲಿಸುವುದು ಉಚಿತ.

ನಾಮ

ಪೂರ್ವಿಕರು ಹೆಸರಿಡುವಾಗ ಸುಮ್ಮನೆ ಇಡುತ್ತಿರಲಿಲ್ಲ. ಲಾಂಗಲವೆಂದರೆ ನೇಗಿಲು. ಈ ಬಳ್ಳಿಯ ಗಡ್ಡೆ ನೇಗಿಲಿನಂತೆ ಬಾಗಿ ಕವಲೊಡೆದಿರುವುದರಿಂದ ಲಾಂಗಲೀ. ಹಲವೆಂದರೂ ನೇಗಿಲೇ ಆದುದರಿಂದ ಹಲಿನೀ. ಹೂವಿನ ಉರಿಯ ಬಣ್ಣದಿಂದ ಅಗ್ನಿಶಿಖಾ. ದೇಹದಲ್ಲಿ ಸಿಕ್ಕಿಕೊಂಡ ಶಲ್ಯವನ್ನು ಹೊರಗೆಡಹುವುದೆಂಬ ನಂಬಿಕೆಯಿಂದ ವಿಶಲ್ಯಾ. ಇವೆಲ್ಲಕ್ಕಿಂತ ಗಂಭೀರವಾದ ಹೆಸರು ಗರ್ಭನುತ್, ಎಂದರೆ ಗರ್ಭವನ್ನು ಹೊರದೂಡುವಂಥದು. ನೆರೆಯ ಮರಾಠಿಯಲ್ಲಿ ಇದಕ್ಕೆ ಕಳಲಾವಿ ಎಂದು ಹೆಸರು. ಹೆರಿಗೆಯ ನೋವನ್ನು ತರುವಂಥದೆಂದು ಅದರ ಅರ್ಥ. ಗರ್ಭಿಣಿಯರು ಇದರ ಗೊಡವೆಗೆ ಹೋಗಬಾರದೆಂಬುದನ್ನು ತಿಳಿಸಲು ಬೇರೆ ಶಾಸ್ತ್ರವೇಕೆ? ಅಕ್ಷರ ಬಾರದವರಿಗೂ ಹೆಸರೇ ಎಚ್ಚರಿಕೆಯ ಫಲಕವಾಗಿದ್ದಿತು.

ಆದರೆ ಹೆಸರಿನಲ್ಲಿ ರಕ್ಷಣೆಯಿರುವಂತೆ ಅಪಾಯವೂ ಇದೆ. ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಇದು ಚೆನ್ನಾಗಿ ತಿಳಿದ ವಿಷಯ. ಅದರಲ್ಲಿ ವಿಶಲ್ಯಾ ಎಂಬುದು ಲಾಂಗಲಿಗೆ ಮಾತ್ರವಲ್ಲದೆ ಗುಡೂಚಿಗೂ ಹೆಸರು. ಗುಡೂಚಿಯೆಂದರೆ ಕನ್ನಡಿಗರ ಅಮೃತಬಳ್ಳಿ. ಅನಂತಾ ಎಂಬ ಹೆಸರು ಲಾಂಗಲಿಗೆ ಸಲ್ಲುವಂತೆಯೇ ಗರಿಕೆಗೂ ಸಲ್ಲುತ್ತದೆ, ಬೇಸಗೆಯಲ್ಲಿ ಪಾನಕ ಮಾಡಿ ಕುಡಿಯುವ ಸೊಗದೆಬೇರಿಗೂ ಸಲ್ಲುತ್ತದೆ. ಇನ್ನು ಅಗ್ನಿಶಿಖ ಶಬ್ದದ ವಿಚಾರ ಮತ್ತಷ್ಟು ಸೂಕ್ಷ್ಮ. ನಪುಂಸಕಲಿಂಗದಲ್ಲಿ ಅಗ್ನಿಶಿಖಂ ಎಂದರೆ ಕುಂಕುಮಕೇಸರಿ; ಹಾಲಿನಲ್ಲಿ ಬೆರೆಸಿ ಬಾಣಂತಿಗೂ ಮಗುವಿಗೂ ಕೊಡುವ ವಸ್ತು. ಸ್ತ್ರೀಲಿಂಗದಲ್ಲಿ ಅಗ್ನಿಶಿಖಾ ಎಂದರೆ ಈ ವಿಷದ ಬಳ್ಳಿ. ಸಂಸ್ಕೃತದ ಆಕಾರಾಂತ ಶಬ್ದಗಳು ಕನ್ನಡದಲ್ಲಿ ಎಕಾರಾಂತಗಳಾಗುವುವೆಂಬ ಸೂತ್ರವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಲೆ, ಗಂಗೆ, ಸೀತೆ ಎಂಬ ಉದಾಹರಣೆಗಳೊಡನೆ ಓದುತ್ತಾರೆ. ಅದೇ ಸೂತ್ರದಂತೆ ಒಂದು ಅಗ್ನಿಶಿಖವಾಗಿ ಉಳಿಯುತ್ತದೆ, ಇನ್ನೊಂದು ಅಗ್ನಿಶಿಖೆಯಾಗುತ್ತದೆ. ಕೇಸರಿಗೂ ಕಾಲಕೂಟಕ್ಕೂ ನಡುವೆ ಇರುವುದು ಒಂದೇ ಒಂದು ಸ್ವರದ ಅಂತರ! ವ್ಯಾಕರಣದಿಂದೇನು ಪ್ರಯೋಜನವೆಂದು ಕೇಳುವವರಿಗೆ ಇದಕ್ಕಿಂತ ಉತ್ತಮವಾದ ಉತ್ತರ ದೊರೆಯಲಾರದು.

ಹಳೆಯ ಓಲೆಗರಿಯೊಂದರಿಂದಲೋ ಅಚ್ಚಾದ ಮನೆಮದ್ದಿನ ಪುಸ್ತಕವೊಂದರಿಂದಲೋ ಯೋಗವೊಂದನ್ನು ಎತ್ತಿಕೊಂಡು, ಅನಂತೆಯೆಂದರೆ ಯಾವ ಅನಂತೆ, ವಿಶಲ್ಯೆಯೆಂದರೆ ಯಾವ ವಿಶಲ್ಯೆ ಎಂದು ವಿಚಾರಿಸದೆ ಕಷಾಯ ಕಾಯಿಸುವವರ ಸಾಹಸವನ್ನು ಏನೆಂದು ಹೇಳುವುದು? 2020ರಲ್ಲಿ ಕೋವಿಡ್ ರೋಗ ಹಬ್ಬಿದಾಗ ಅಮೃತಬಳ್ಳಿಯ ಕಷಾಯ ಮನೆಮನೆಯ ಒಲೆಯ ಮೇಲೇರಿತು. ಅದುವರೆಗೆ ಬಳ್ಳಿಯನ್ನು ಕಣ್ಣಿನಿಂದ ಕಂಡಿರದವರೂ ಹೆಸರನ್ನು ಕೇಳಿದ ಮಾತ್ರದಿಂದ ಅದನ್ನು ಹುಡುಕಿಕೊಂಡು ಹೊರಟರು. ಭಯದ ಕಾಲದಲ್ಲಿ ಜನರು ಹೀಗೆ ವರ್ತಿಸುವುದು ಸ್ವಾಭಾವಿಕವೇ. ಆದರೆ ನಾಮವನ್ನು ಮಾತ್ರ ಹಿಡಿದು ರೂಪವನ್ನು ಬಿಟ್ಟರೆ ಎಂಥ ಅನರ್ಥಕ್ಕೆ ದಾರಿಯಾಗಬಹುದೆಂಬುದನ್ನು ಆ ದಿನಗಳು ತೋರಿಸಿಕೊಟ್ಟವು. ಆದುದರಿಂದಲೇ ಗಿಡವೊಂದಕ್ಕೆ ಊರಿನ ಹೆಸರು, ಸಂಸ್ಕೃತದ ಹೆಸರು, ಸಸ್ಯಶಾಸ್ತ್ರದ ಹೆಸರು ಮೂರನ್ನೂ ಜೊತೆಯಲ್ಲಿ ಹೇಳುವ ರೂಢಿ ಅವಶ್ಯಕ. ಊರಿನ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಸಂಸ್ಕೃತದ ಹೆಸರು ಹಲವು ಗಿಡಗಳಿಗೆ ಹಂಚಿಹೋಗಿದೆ. ಸಸ್ಯಶಾಸ್ತ್ರದ ಹೆಸರು ಒಂದು ಗಿಡಕ್ಕೆ ಒಂದೇ. ಆದರೆ ಅದು ಎಚ್ಚರಿಕೆಯನ್ನು ಹೇಳುವುದಿಲ್ಲ; ಗರ್ಭನುತ್ ಎಂಬ ಹೆಸರು ಹೇಳುತ್ತದೆ. ಮೂರೂ ಸೇರಿದಾಗಲೇ ನಾಮ ಪೂರ್ಣವಾಗುವುದು.

ರೂಪ

ಅಗ್ನಿಶಿಖೆ ಬೆಳೆಯುವ ಬಗೆಯೇ ಒಂದು ಸೊಗಸಾದ ಪಾಠ. ಇದರ ಬದುಕೆಲ್ಲ ನೆಲದೊಳಗಿನ ಗಡ್ಡೆಯಲ್ಲಿದೆ. ಬೇಸಗೆಯಲ್ಲಿ ಮೇಲ್ಗಡೆ ಬಳ್ಳಿಯ ಸುಳಿವೂ ಇರುವುದಿಲ್ಲ. ಮುಂಗಾರಿನ ಮಳೆ ನೆಲವನ್ನು ನೆನೆಸಿದೊಡನೆ ಕವಲೊಡೆದ ಗಡ್ಡೆಯ ತುದಿಯಿಂದ ಮೊಳಕೆ ಮೇಲೇಳುತ್ತದೆ. ಮೊಳೆಯುವ ಕಣ್ಣು ಇರುವುದು ಕವಲಿನ ತುದಿಯಲ್ಲಿಯೇ. ಅಗೆಯುವಾಗ ತುದಿ ಮುರಿದರೆ ಆ ಭಾಗ ಮತ್ತೆ ಚಿಗುರಲಾರದು. ಮೇಲೆದ್ದ ಬಳ್ಳಿಗೆ ಪ್ರತ್ಯೇಕವಾದ ಕುಡಿಗಳಿಲ್ಲ. ಎಲೆಯ ತುದಿಯೇ ನೀಳವಾಗಿ ಸುರುಳಿಗಟ್ಟಿ, ಸಿಕ್ಕಿದ ಕೊಂಬೆಯನ್ನು ಸುತ್ತಿ ಹಿಡಿದು ಏರುತ್ತದೆ. ಅನ್ಯ ಬಳ್ಳಿಗಳಿಂದ ಇದನ್ನು ಗುರುತಿಸಲು ಹೂವಿಲ್ಲದ ಕಾಲದಲ್ಲಿ ಈ ಸುರುಳಿತುದಿಯ ಎಲೆಯೇ ಸಾಕು.

ನೀರು ನಿಲ್ಲದ ಮಣ್ಣು ಇದಕ್ಕೆ ಇಷ್ಟ. ಮರಳುಮಿಶ್ರಿತ ಕೆಂಪು ಗೋಡು ಉತ್ತಮ. ನೀರು ನಿಂತ ಜೇಡಿಯಲ್ಲಿ ಗಡ್ಡೆ ಕೊಳೆಯುತ್ತದೆ. ಬೆಳೆಯುವ ಕಾಲದಲ್ಲಿ ತೇವ ಬೇಕು, ಹೂಬಿಸಿಲು ಬೇಕು, ಏರಲು ಆಸರೆ ಬೇಕು. ಎಲೆ ಒಣಗಿದ ಬಳಿಕ ಗಡ್ಡೆಗೆ ಒಣ ವಿಶ್ರಾಂತಿ ಬೇಕು. ಬೇಲಿ, ಪೊದೆ, ಕಾಡಿನ ಅಂಚು ಇದಕ್ಕೆ ಪ್ರಿಯವಾಗಿರುವುದು ಈ ಕಾರಣದಿಂದಲೇ. ಬುಡಕ್ಕೆ ನೆರಳು, ತಲೆಗೆ ಬಿಸಿಲು ಅಲ್ಲಿ ಒಟ್ಟಿಗೇ ದೊರೆಯುತ್ತವೆ. ಮುಳ್ಳುತಂತಿ ಬಂದು ಹಸುರುಬೇಲಿ ಮರೆಯಾದಲ್ಲೆಲ್ಲ ಈ ಬಳ್ಳಿಯೂ ನೆಲೆ ಕಳೆದುಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಹೂವಿನ ರಚನೆಯೂ ವಿಚಿತ್ರವೇ. ಆರು ಕೇಸರಗಳು ಸುತ್ತಲೂ ಚಾಚಿಕೊಂಡಿದ್ದರೆ, ಅಂಡಾಶಯದಿಂದ ಹೊರಟ ಶಲಾಕೆ ಬುಡದಲ್ಲಿಯೇ ಲಂಬಕೋನವಾಗಿ ಬಾಗಿ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ತನ್ನದೇ ಪರಾಗ ತನಗೆ ತಾಗದಿರಲೆಂದು ದೂರ ಸರಿದು ನಿಂತಂತೆ ಕಾಣುತ್ತದೆ. ಚಿಟ್ಟೆಗಳು ಬಂದು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯಬೇಕು. ತಮಿಳುನಾಡಿನ ಧಾರಾಪುರ, ಮೂಲನೂರು, ಒಟ್ಟನ್‌ಛತ್ರ, ವೇದಾರಣ್ಯ ಮೊದಲಾದ ಕಡೆಗಳಲ್ಲಿ ರೈತರು ಇದನ್ನು ಬೀಜಕ್ಕಾಗಿ ಹೊಲದಲ್ಲಿ ಬೆಳೆಯುತ್ತಾರೆ. ಅಲ್ಲಿ ಚಿಟ್ಟೆಯ ಕೆಲಸವನ್ನು ಮನುಷ್ಯರ ಕೈಯೇ ಮಾಡಬೇಕಾಗುತ್ತದೆ. ಮುಂಜಾನೆ ಸಾಲುಸಾಲಿನಲ್ಲಿ ನಡೆದು ಹೂವಿನಿಂದ ಹೂವಿಗೆ ಪರಾಗವನ್ನು ಮುಟ್ಟಿಸುವ ತಾಳ್ಮೆಯ ಕೆಲಸ ಅದು. ಮಾಗಿದ ಕಾಯಿ ಒಡೆದಾಗ ಕಿತ್ತಳೆಗೆಂಪಿನ ಬೀಜಗಳು ಹೊರಗೆ ಕಾಣುತ್ತವೆ. ನೋಡಲು ಮಣಿಗಳಂತಿರುವ ಈ ಬೀಜಗಳು ಮಕ್ಕಳ ಕೈಗೆ ಸಿಕ್ಕಬಾರದು. ಔಷಧ ಕಾರ್ಖಾನೆಗಳಿಗೆ ಬೇಕಾಗುವುದು ಮುಖ್ಯವಾಗಿ ಈ ಬೀಜವೇ. ಬೀಜದಿಂದ ಬೆಳೆದ ಸಸಿ ಹೂವು ಬಿಡಲು ಮೂರು ನಾಲ್ಕು ವರ್ಷಗಳೇ ಬೇಕಾಗುವುದರಿಂದ ರೈತರು ನಾಟಿಗೆ ಗಡ್ಡೆಯನ್ನೇ ಬಳಸುತ್ತಾರೆ. ಇಲ್ಲಿಯೇ ಕಾಡಿನ ಬಳ್ಳಿಗೆ ಸಂಕಟ. ಕಾಯಿ ಕಿತ್ತರೆ ಬಳ್ಳಿ ಮರುವರ್ಷ ಮತ್ತೆ ಬರುತ್ತದೆ. ಗಡ್ಡೆ ಅಗೆದರೆ ಅದರ ಸಂತತಿಯೇ ಅಲ್ಲಿಗೆ ಮುಗಿಯುತ್ತದೆ.

ರೂಪವನ್ನು ಅರಿಯದ್ದರಿಂದ ಒದಗುವ ಆಪತ್ತನ್ನೂ ಇಲ್ಲಿ ಹೇಳಲೇಬೇಕು. ಅಗ್ನಿಶಿಖೆಯ ಗಡ್ಡೆ ನೋಟಕ್ಕೆ ಗೆಣಸನ್ನು ಹೋಲುತ್ತದೆ. ಗೆಣಸೆಂದು ಬಗೆದು ಬೇಯಿಸಿ ತಿಂದು ಪ್ರಾಣಕ್ಕೆ ಎರವಾದ ಪ್ರಸಂಗಗಳು ಭಾರತ, ಶ್ರೀಲಂಕಾ ದೇಶಗಳ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಬೇಯಿಸಿದ ಮಾತ್ರಕ್ಕೆ ವಿಷ ಅಳಿಯುವುದಿಲ್ಲ. ತಿಂದ ಕೆಲವು ಗಂಟೆಗಳಲ್ಲಿ ಗಂಟಲುರಿ, ವಾಂತಿ, ಭೇದಿ ಆರಂಭವಾಗುತ್ತವೆ. ಊಟದಲ್ಲಿ ಏನೋ ವ್ಯತ್ಯಾಸವಾಯಿತೆಂದು ಮನೆಯವರು ಉಪೇಕ್ಷಿಸುವ ಸಂಭವ ಇರುವುದು ಈ ಹಂತದಲ್ಲಿಯೇ. ಮುಂದಿನ ದಿನಗಳಲ್ಲಿ ಮೂತ್ರಪಿಂಡ, ಯಕೃತ್ತು, ಹೃದಯಗಳು ಒಂದೊಂದಾಗಿ ಸೋಲಬಹುದು. ಎಲುಬಿನ ಮಜ್ಜೆ ರಕ್ತಕಣಗಳನ್ನು ಉತ್ಪಾದಿಸುವುದನ್ನೇ ನಿಲ್ಲಿಸಬಹುದು. ಬದುಕಿ ಉಳಿದವರಲ್ಲಿ ಒಂದೆರಡು ವಾರಗಳ ಬಳಿಕ ತಲೆಗೂದಲು ಉದುರುವುದುಂಟು. ಇದಕ್ಕೆ ಸುಲಭವಾಗಿ ದೊರೆಯುವ ಪ್ರತಿವಿಷವಿಲ್ಲ. ಆದುದರಿಂದ ಯಾರಾದರೂ ತಿಂದ ಸಂದೇಹ ಬಂದರೂ ಸಾಕು, ಮನೆಮದ್ದಿನಲ್ಲಿ ಹೊತ್ತುಗಳೆಯದೆ, ತಿಂದು ಉಳಿದ ಚೂರನ್ನೂ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಧಾವಿಸಬೇಕು. ಪ್ರತಿಯೊಬ್ಬ ಶಿಕ್ಷಕನಿಗೂ ಪ್ರತಿಯೊಬ್ಬ ಪಾಲಕನಿಗೂ ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಅನಾಹುತಗಳು ತಪ್ಪಬಹುದು.

ಯೋಗ

ಆಯುರ್ವೇದವು ಲಾಂಗಲಿಯನ್ನು ಏಳು ಉಪವಿಷಗಳಲ್ಲಿ ಒಂದೆಂದು ಎಣಿಸಿದೆ. ಎಕ್ಕದ ಹಾಲು, ಕಳ್ಳಿಯ ಹಾಲು, ಕಣಗಿಲೆ, ಗುಲಗಂಜಿ, ಅಫೀಮು, ದತ್ತೂರಿ ಇವೇ ಉಳಿದ ಆರು. ಸುಶ್ರುತನು ಸ್ಥಾವರವಿಷದ ಹತ್ತು ನೆಲೆಗಳನ್ನು ಹೇಳುವಾಗ ಬೇರು, ಎಲೆ, ಹಣ್ಣು, ಹೂವುಗಳೊಡನೆ ಗಡ್ಡೆಯನ್ನೂ ಹೆಸರಿಸಿದ್ದಾನೆ. ಇಂಥ ದ್ರವ್ಯವನ್ನು ಹಸಿಯಾಗಿ ಬಳಸುವ ಪದ್ಧತಿ ಶಾಸ್ತ್ರದಲ್ಲಿಲ್ಲ. ಗಡ್ಡೆಯನ್ನು ಹೆಚ್ಚಿ ಗೋಮೂತ್ರದಲ್ಲಿ ನೆನೆಸಿ ಶೋಧಿಸಿದ ಬಳಿಕವೇ ಯೋಗಕ್ಕೆ ಸೇರಿಸಬೇಕೆಂಬುದು ವಿಧಿ. ಬಳಕೆಯೂ ಬಹುಮಟ್ಟಿಗೆ ಹೊರಲೇಪಕ್ಕೇ ಸೀಮಿತ. ಮೂಲವ್ಯಾಧಿಗೆ ಹಚ್ಚುವ ಕಾಸೀಸಾದಿ ತೈಲದಲ್ಲಿ ಲಾಂಗಲಿ ಸೇರಿದೆ. ಚೇಳು ಕುಟುಕಿದ ಎಡೆಗೂ ಕೆಲವು ಚರ್ಮರೋಗಗಳಿಗೂ ಗಡ್ಡೆಯನ್ನು ಅರೆದು ಹಚ್ಚುವುದು, ತಲೆಯ ಹೇನಿಗೆ ಎಲೆಯ ರಸ ಸವರುವುದು ಹಳ್ಳಿಗಳ ರೂಢಿ. ಪ್ರಸವ ತಡವಾದಾಗ ಗಡ್ಡೆಯ ಲೇಪವನ್ನು ಅಂಗೈ ಅಂಗಾಲುಗಳಿಗೆ ಹಚ್ಚುವ ಕ್ರಮವೂ ಹಿಂದೆ ಇದ್ದಿತು.

ಆ ಕ್ರಮವನ್ನು ಈಗ ಹೇಗೆ ನೋಡಬೇಕು? ಆಸ್ಪತ್ರೆ ಗಾವುದ ದೂರದಲ್ಲಿ, ದಾರಿಯಲ್ಲಿ ತುಂಬಿದ ಹೊಳೆ, ಕತ್ತಲಲ್ಲಿ ನರಳುವ ತಾಯಿ, ಬಳಿಯಲ್ಲಿ ಒಬ್ಬ ಸೂಲಗಿತ್ತಿ ಎಂಬ ಸನ್ನಿವೇಶದಲ್ಲಿ ಆಕೆ ತನಗೆ ತಿಳಿದ ಸಾಧನವನ್ನು ಕೈಗೆತ್ತಿಕೊಂಡಳು. ಅವಳನ್ನು ಮೂಢಳೆಂದು ಹಳಿಯುವುದು ಕೃತಘ್ನತೆ. ಒಳಕ್ಕೆ ಕೊಡದೆ ಹೊರಗೆ, ಅದೂ ಅಂಗಾಲಿಗೆ ಹಚ್ಚಿ, ಕೆಲಸ ಮುಗಿದೊಡನೆ ತೊಳೆಯುವಷ್ಟು ವಿವೇಕ ಅವಳಲ್ಲಿದ್ದಿತು. ಆದರೆ ಅವಳ ವಿವೇಕವಿಲ್ಲದೆ ಅವಳ ಮದ್ದನ್ನು ಮಾತ್ರ ಇಂದು ಬಳಸಹೊರಡುವುದು ಅವಿವೇಕದ ಪರಮಾವಧಿ. ಹೆರಿಗೆಗೆ ಆಸ್ಪತ್ರೆಯೇ ಗತಿ. ಗರ್ಭ ಬೇಡವೆಂದು ಗುಟ್ಟಾಗಿ ಈ ಗಡ್ಡೆಯ ಮೊರೆಹೋಗುವುದಂತೂ ತಾಯಿಯ ಪ್ರಾಣವನ್ನೇ ಪಣಕ್ಕಿಟ್ಟಂತೆ. ಹಿಂದಿನವರ ಅನುಭವಕ್ಕೆ ಗೌರವ ಸಲ್ಲಿಸುವುದೆಂದರೆ ಅವರು ಮಾಡಿದ್ದನ್ನೆಲ್ಲ ಮತ್ತೆ ಮಾಡುವುದಲ್ಲ. ಅವರು ಏನನ್ನು ಕಂಡುಕೊಂಡಿದ್ದರೆಂಬುದನ್ನು ಮರೆಯದಿರುವುದು.

ಅವರು ಕಂಡುಕೊಂಡಿದ್ದರಲ್ಲಿ ಹುರುಳಿತ್ತೆಂಬುದಕ್ಕೆ ಆಧುನಿಕ ವಿಜ್ಞಾನವೇ ಸಾಕ್ಷಿ. ಅಗ್ನಿಶಿಖೆಯ ಗಡ್ಡೆ ಬೀಜಗಳಲ್ಲಿರುವ ಮುಖ್ಯ ವಿಷ ಕೋಲ್ಚಿಸಿನ್. ಫ್ರಾನ್ಸಿನ ಪೆಲ್ಟಿಯೇ ಮತ್ತು ಕವಾಂಟೂ ಎಂಬ ವಿಜ್ಞಾನಿಗಳು ಸಿಂಕೋನದಿಂದ ಕ್ವಿನೈನನ್ನು ಬೇರ್ಪಡಿಸಿದ 1820ರಲ್ಲಿಯೇ, ಅಗ್ನಿಶಿಖೆಯ ಬಳಗಕ್ಕೆ ಸೇರಿದ ಯೂರೋಪಿನ ಕೋಲ್ಚಿಕಮ್ ಗಿಡದಿಂದ ಈ ವಸ್ತುವನ್ನೂ ಪ್ರತ್ಯೇಕಿಸಿದರು. ಜೀವಕೋಶವು ಎರಡಾಗಿ ಒಡೆಯುವ ಕ್ರಿಯೆಯನ್ನು ಇದು ತಡೆಯುತ್ತದೆ. ವಿಷವಾದುದು ಮುಖ್ಯವಾಗಿ ಅದರಿಂದಲೇ. 1937ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಬಳಸಿ ಗಿಡಗಳ ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಬೀಜವಿಲ್ಲದ ಕಲ್ಲಂಗಡಿ ಆ ವಿಧಾನದ ಫಲ. ಗೌಟ್ ಎಂದು ಕರೆಯುವ, ಕಾಲ ಹೆಬ್ಬೆರಳಿನ ಕೀಲನ್ನು ಹಿಡಿದು ನರಳಿಸುವ ವಾತಕ್ಕೆ ಕೋಲ್ಚಿಸಿನ್ ಇಂದಿಗೂ ವೈದ್ಯರು ಬರೆದುಕೊಡುವ ಮದ್ದು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೃದ್ರೋಗಿಗಳಿಗೂ ಅಲ್ಪ ಪ್ರಮಾಣದಲ್ಲಿ ಇದನ್ನು ಕೊಡಲು ಅನುಮತಿಯಿತ್ತಿತು.

ಆ ಅಲ್ಪ ಪ್ರಮಾಣವೆಷ್ಟು? ದಿನಕ್ಕೆ ಅರ್ಧ ಮಿಲಿಗ್ರಾಮ್. ಸಾಸಿವೆಯ ಕಾಳೊಂದರ ತೂಕಕ್ಕೂ ಕಡಿಮೆ! ಕಾರ್ಖಾನೆಯ ಗುಳಿಗೆಯಲ್ಲಿ ಅದು ಅಳತೆಗೊಳಪಟ್ಟಿರುತ್ತದೆ. ಬೇಲಿಯಿಂದ ಕಿತ್ತ ಗಡ್ಡೆಯಲ್ಲಿ ಎಷ್ಟಿದೆಯೆಂದು ಹೇಳಬಲ್ಲವರಾರು? ಮಣ್ಣು, ಮಳೆ, ಬಳ್ಳಿಯ ವಯಸ್ಸುಗಳನ್ನು ಅನುಸರಿಸಿ ಅದು ಹೆಚ್ಚುಕಡಿಮೆಯಾಗುತ್ತದೆ. ಗುಳಿಗೆಗೆ ಕನ್ನಡದಲ್ಲಿ ಮಾತ್ರೆಯೆಂಬ ಹೆಸರಿರುವುದು ಎಷ್ಟು ಅರ್ಥವತ್ತಾಗಿದೆ! ಛಂದಸ್ಸಿನಲ್ಲಿ ಮಾತ್ರೆಯೆಂದರೆ ಉಚ್ಚಾರಣೆಯ ಕಾಲದ ಅಳತೆ. ವೈದ್ಯದಲ್ಲಿ ಮಾತ್ರೆಯೆಂದರೆ ಮದ್ದಿನ ಅಳತೆ. ಪದ್ಯದಲ್ಲಿ ಮಾತ್ರೆ ತಪ್ಪಿದರೆ ಪಂಡಿತರು ನಕ್ಕು ತಿದ್ದಬಹುದು. ಮದ್ದಿನಲ್ಲಿ ಮಾತ್ರೆ ತಪ್ಪಿದರೆ ತಿದ್ದಲು ಅವಕಾಶವೇ ಉಳಿಯದು. ಭಾರತ ಸರಕಾರದ ಔಷಧ ನಿಯಮಗಳೂ ಲಾಂಗಲಿಯನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿಯೇ ಇರಿಸಿವೆ. ಅದು ಸೇರಿದ, ಒಳಗೆ ಸೇವಿಸುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲೇಬೇಕು. ಚರಕನ ಮಾತೂ ಇಂದಿನ ಕಾನೂನೂ ಇಲ್ಲಿ ಒಂದೇ ಕಡೆಗೆ ಕೈತೋರುತ್ತವೆ.

ಕರ್ತವ್ಯ

ಈಗ ಶಾಲೆಗಳ ವಿಚಾರ. ಅನೇಕ ವಿದ್ಯಾಸಂಸ್ಥೆಗಳ ಆವರಣದಲ್ಲಿ ಔಷಧಿವನಗಳು ತಲೆಯೆತ್ತಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿಯ ಫಲಕಗಳನ್ನು ಓದಿದರೆ ಸಂತೋಷ ಅರ್ಧಕ್ಕೆ ಇಳಿಯುತ್ತದೆ. ಗಿಡದ ಹೆಸರು, ಕೆಳಗೆ ಉಪಯೋಗಗಳು: ಇಂಥ ರೋಗಕ್ಕೆ, ಇಂಥ ನೋವಿಗೆ ಎಂದು ಒಂದು ಸಾಲು. ಯಾವ ಭಾಗ, ಎಷ್ಟು, ಯಾರಿಗೆ ಸಲ್ಲದು ಎಂಬ ಮಾತೇ ಇಲ್ಲ. ಅಗ್ನಿಶಿಖೆಯ ಮುಂದೆ ಅಂಥ ಫಲಕವನ್ನು ನೆಟ್ಟು, ಸಂಧಿವಾತಕ್ಕೆ ಉಪಯುಕ್ತವೆಂದು ಬರೆದರೆ, ಬರೆದುದು ಸುಳ್ಳಲ್ಲ. ಆದರೆ ಆ ಅರ್ಧಸತ್ಯವನ್ನು ಓದಿಕೊಂಡು ಮನೆಗೆ ಹೋದ ಬಾಲಕನು ಮಂಡಿನೋವಿನ ಅಜ್ಜಿಗೆ ಗಡ್ಡೆ ತಂದುಕೊಟ್ಟರೆ ಹೊಣೆ ಯಾರದು? ಫಲಕದಲ್ಲಿ ಮೊದಲು ಅಪಾಯ, ಆಮೇಲೆ ಉಪಯೋಗ ಎಂಬ ಕ್ರಮ ಬರಬೇಕು. ನಾಮ ಮೂರು ಬಗೆಯಲ್ಲಿ, ರೂಪ ನಾಲ್ಕು ಮಾತಿನಲ್ಲಿ, ಯೋಗ ವೈದ್ಯನಿಗೆ ಬಿಟ್ಟದ್ದು ಎಂದು ಸ್ಪಷ್ಟವಾಗಿ ಬರೆದಿರಬೇಕು.

ಮಕ್ಕಳು ಓಡಾಡುವಲ್ಲಿ ಇಂಥ ವಿಷದ ಬಳ್ಳಿಯೇ ಬೇಡ, ಕಿತ್ತೆಸೆಯುವುದೇ ಲೇಸೆಂದು ಕೆಲವರು ವಾದಿಸುವುದುಂಟು. ಆ ಮಾತಿನ ಹಿಂದಿರುವ ಕಾಳಜಿ ಮೆಚ್ಚತಕ್ಕದ್ದೇ. ಕಂಡದ್ದನ್ನೆಲ್ಲ ಬಾಯಿಗಿಡುವ ಶಿಶುವಿಹಾರದ ಮಕ್ಕಳ ಅಂಗಳದಲ್ಲಿ ಇದು ಇರಬಾರದೆಂಬುದನ್ನು ಒಪ್ಪಲೇಬೇಕು. ಆದರೆ ಪ್ರೌಢಶಾಲೆಯ ಮಕ್ಕಳಿಂದಲೂ ಇದನ್ನು ಮರೆಮಾಡುವುದರಿಂದ ಏನು ಸಾಧಿಸಿದಂತಾಯಿತು? ಏಳು ಉಪವಿಷಗಳಲ್ಲಿ ಎಕ್ಕ, ಕಣಗಿಲೆ, ದತ್ತೂರಿಗಳ ಹೂವುಗಳು ಶಿವಪೂಜೆಗೆ ಸಲ್ಲುತ್ತ ಬಂದಿವೆ. ಅವು ಬೆಳೆಯದ ಹಳ್ಳಿಯಿಲ್ಲ, ಬೀದಿಯಿಲ್ಲ. ಶಾಲೆಯ ಅಂಗಳದಿಂದ ಕಿತ್ತ ಬಳ್ಳಿ ಹೊಲದ ಬೇಲಿಯಲ್ಲಿ ಅರಳಿಯೇ ಇರುತ್ತದೆ. ಹಬ್ಬದ ದಿನ ಮಗು ಅದನ್ನು ಕೊಯ್ಯಲು ಹೋಗಿಯೇ ಹೋಗುತ್ತದೆ. ಹೂವನ್ನು ಪೂಜೆಗೆ ಕೊಯ್ಯಬಹುದು, ಬಾಯಿಗಿಡಬಾರದು, ಗಡ್ಡೆ ಬೀಜಗಳನ್ನು ಮುಟ್ಟಬಾರದು, ಕೊಯ್ದ ಬಳಿಕ ಕೈತೊಳೆಯಬೇಕು ಎಂದು ತಿಳಿದ ಮಗು ಸುರಕ್ಷಿತ. ಬಳ್ಳಿಯನ್ನೇ ಕಾಣದ ಮಗು ಅಲ್ಲ. ಅಜ್ಞಾನವು ಎಂದೂ ಬೇಲಿಯಾಗಲಾರದು.

ಈ ಕಾರ್ಯದಲ್ಲಿ ವಿಜ್ಞಾನದ ಶಿಕ್ಷಕರೊಡನೆ ಕನ್ನಡದ ಶಿಕ್ಷಕರೂ ಕೈಗೂಡಿಸಬೇಕಾಗುತ್ತದೆ. ಕನ್ನಡವು ಕಾವ್ಯಕ್ಕೆ ಮಾತ್ರ ಒದಗಿದ ಭಾಷೆಯಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥದಲ್ಲಿ ಗಿಡಮರಗಳ ಆರೈಕೆಯನ್ನೂ ವೈದ್ಯವನ್ನೂ ಜನರ ಭಾಷೆಯಲ್ಲಿ ಬರೆದನು. ಹನ್ನೆರಡನೆಯ ಶತಮಾನದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನಂತೂ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತೇ ಖಗೇಂದ್ರಮಣಿದರ್ಪಣವೆಂಬ ಶಾಸ್ತ್ರಗ್ರಂಥವನ್ನು ಕನ್ನಡ ಪದ್ಯಗಳಲ್ಲಿ ಕಟ್ಟಿಕೊಟ್ಟನು. ವಿಷದ ಅರಿವು ಕೆಲವೇ ಮಂದಿಯ ಗುಟ್ಟಾಗಿ ಉಳಿಯದೆ ಕನ್ನಡ ಬಲ್ಲವರೆಲ್ಲರಿಗೂ ದೊರೆಯಲೆಂದಲ್ಲವೆ ಆ ಮಹನೀಯರು ಶ್ರಮಿಸಿದುದು? ಆ ಪರಂಪರೆಯ ಭಾಷೆಯಲ್ಲಿ ಓದುವ ವಿದ್ಯಾರ್ಥಿಗೆ ತನ್ನ ಊರ ಬೇಲಿಯ ಹತ್ತು ಬಳ್ಳಿಗಳ ಹೆಸರು ಬಾರದಿದ್ದರೆ ಅದು ಅವನ ಲೋಪವಲ್ಲ, ಕಲಿಸುವವರ ಲೋಪ.

ಕೆಲಸ ದೊಡ್ಡದೇನೂ ಅಲ್ಲ. ವರ್ಷಕ್ಕೊಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ವಿಷಯಗಳ ಶಿಕ್ಷಕರೂ ಕೂಡಿ ಮಕ್ಕಳನ್ನು ಊರ ಅಂಚಿಗೆ ಕರೆದೊಯ್ಯಬಹುದು. ಹಿರಿಯರ ಬಾಯಿಂದ ಬಳ್ಳಿಗಳ ಹೆಸರುಗಳನ್ನೂ ಅವುಗಳ ಜೊತೆಗೆ ಹೇಳಿಬಂದ ಎಚ್ಚರಿಕೆಗಳನ್ನೂ ಕೇಳಿ ಬರೆದುಕೊಳ್ಳಬಹುದು. ಉಪಯೋಗವನ್ನು ಹೇಳುವ ಹಿರಿಯರು ಹಲವರಿದ್ದಾರೆ. ಏನನ್ನು ಮಾಡಬಾರದೆಂದು ಹೇಳಬಲ್ಲವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕಾಡಿನ ಗಡ್ಡೆಯನ್ನು ಅಗೆಯದೆ, ಶಿಕ್ಷಕರೇ ಬಿದ್ದ ಬೀಜಗಳನ್ನು ಆಯ್ದು, ಬೇಲಿಯ ಆಚೆ ಬಿತ್ತಿ, ಮೂರು ನಾಲ್ಕು ವರ್ಷ ಕಾದರೆ ಎಂಟನೆಯ ತರಗತಿಯಲ್ಲಿ ಕಂಡ ಸಸಿಯ ಹೂವನ್ನು ಶಾಲೆ ಬಿಡುವ ಹೊತ್ತಿಗೆ ವಿದ್ಯಾರ್ಥಿ ಕಾಣಬಹುದು. ತಾಳ್ಮೆಯ ಪಾಠ ಇದಕ್ಕಿಂತ ಬೇರೆ ಬೇಕೆ?

ದಾನಿಗಳ ಪಾತ್ರವೂ ಇಲ್ಲಿ ಹಿರಿದು.ಕಟ್ಟಡಕ್ಕೂ ಕಮಾನಿಗೂ ಕೊಡುವ ಉದಾರ ಹಸ್ತಗಳು ಒಂದು ಗಟ್ಟಿ ಬೇಲಿಗೆ, ಹತ್ತಿಪ್ಪತ್ತು ಸರಿಯಾದ ಫಲಕಗಳಿಗೆ, ಮಕ್ಕಳು ಸಂಗ್ರಹಿಸಿದ ನಾಮಾವಳಿಯ ಒಂದು ಪುಟ್ಟ ಪುಸ್ತಕದ ಅಚ್ಚಿಗೆ ಒದಗಿದರೆ ಅದು ಕಲ್ಲಿನಲ್ಲಿ ಕೊರೆದ ಹೆಸರಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಕೃಷಿಕರಾದವರು, ಅರಣ್ಯ ಇಲಾಖೆಯಲ್ಲಿ ದುಡಿಯುವವರು ಇದ್ದೇ ಇರುತ್ತಾರೆ. ವರ್ಷಕ್ಕೊಂದು ದಿನ ಬಂದು ಆ ಫಲಕಗಳನ್ನು ಪರಿಶೀಲಿಸಿ ತಿದ್ದುವುದು ಅವರಿಗೆ ಭಾರವಾಗಲಾರದು.

ಅಗ್ನಿಶಿಖೆ ಮುಂದಿನ ಭಾದ್ರಪದದಲ್ಲಿಯೂ ಅರಳುತ್ತದೆ. ಅದನ್ನು ಕೊಯ್ಯಲು ಕೈಚಾಚುವ ಮಗುವಿಗೆ ಅದರ ಚೆಲುವು ಯಾರೂ ಹೇಳಿಕೊಡದೆಯೇ ಕಾಣುತ್ತದೆ. ಅದರ ಹೆಸರಿನೊಳಗಿರುವ ಎಚ್ಚರಿಕೆಯನ್ನು ಮಾತ್ರ ಹೇಳಿಕೊಡಬೇಕಾಗುತ್ತದೆ. ಬೆಂಕಿಯನ್ನು ಕಂಡು ಓಡಿಹೋಗದೆ, ಬೆಂಕಿಗೆ ಕೈಯನ್ನೂ ಇಡದೆ, ಅದರ ಬೆಳಕಿನಲ್ಲಿ ದಾರಿಯನ್ನು ಕಂಡುಕೊಳ್ಳುವುದು ಮನುಷ್ಯನು ಕಲಿತ ಮೊದಲ ವಿದ್ಯೆಗಳಲ್ಲಿ ಒಂದು. ಹೂವಿನ ರೂಪದಲ್ಲಿರುವ ಈ ಶಿಖೆಯ ವಿಷಯದಲ್ಲಿಯೂ ಆ ವಿದ್ಯೆ ಮಕ್ಕಳಿಗೆ ದೊರೆಯುವಂತಾಗಲಿ.